ಪತಂಗದ ಲೆಕ್ಕ

ದೀಪಕ್ಕೆ ಎರಗಿ ಸುಟ್ಟುಕೊಳ್ಳುವ ಪತಂಗವನ್ನು ಇಪ್ಪತ್ತು ವರ್ಷಗಳಿಂದ ಪಾಠ ಹೇಳಿಕೊಂಡು ಬಂದಿದ್ದೇನೆ. ಕನ್ನಡದ ಮೇಷ್ಟ್ರಿಗೆ ಅದು ತಪ್ಪಿದ್ದಲ್ಲ. ಹಳಗನ್ನಡ ಕಾವ್ಯವಿರಲಿ, ವಚನವಿರಲಿ, ಕೀರ್ತನೆಯಿರಲಿ, ಎಲ್ಲಿಯೋ ಒಂದು ಕಡೆ ದೀಪವೊಂದು ಉರಿಯುತ್ತಿರುತ್ತದೆ. ಪತಂಗವೊಂದು ಬಂದು ಅದರಲ್ಲಿ ಬೀಳುತ್ತದೆ. ನಮ್ಮ ಹಿಂದಿನವರು ಐದು ಇಂದ್ರಿಯಗಳಿಗೆ ಐದು ಪ್ರಾಣಿಗಳನ್ನು ಬಲಿ ಕೊಟ್ಟುಬಿಟ್ಟಿದ್ದಾರೆ: ಶಬ್ದಕ್ಕೆ ಜಿಂಕೆ, ಸ್ಪರ್ಶಕ್ಕೆ ಆನೆ, ರೂಪಕ್ಕೆ ಪತಂಗ, ರಸಕ್ಕೆ ಮೀನು, ಗಂಧಕ್ಕೆ ದುಂಬಿ. ಒಂದೊಂದು ಇಂದ್ರಿಯದ ಚಾಪಲ್ಯಕ್ಕೆ ಒಂದೊಂದು ಪ್ರಾಣಿ ಕೆಟ್ಟಿತು. ಐದನ್ನೂ ಇಟ್ಟುಕೊಂಡಿರುವ ಮನುಷ್ಯನ ಗತಿಯೇನು ಎಂಬುದು ತಾತ್ಪರ್ಯ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ಈ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ರಾಮನಗರದ ಕಡೆಯವನು, ಮನೆಯಲ್ಲಿ ರೇಷ್ಮೆ ಬೇಸಾಯ.

"ಸಾರ್, ಪತಂಗಕ್ಕೆ ರೂಪ ಅಂತ ಬರೆದಿದ್ದೀರಿ. ವಾಸನೆ ಅಲ್ವಾ ಸಾರ್? ನಮ್ಮ ಮಾವ ಬಿತ್ತನೆ ಕೋಠಿಯಲ್ಲಿದ್ದಾರೆ. ಗಂಡು ಚಿಟ್ಟೆ ಹೆಣ್ಣನ್ನ ನೋಡೋದೇ ಇಲ್ಲ ಸಾರ್, ವಾಸನೆ ಮೇಲೇ ಹೋಗುತ್ತೆ."

ಗಂಟೆ ಹೊಡೆಯುವುದಕ್ಕೆ ಐದು ನಿಮಿಷವಿತ್ತು. ಪಾಠ ಇನ್ನೂ ಒಂದು ಪುಟ ಉಳಿದಿತ್ತು. "ಇದು ಕನ್ನಡ ತರಗತಿಯಪ್ಪಾ, ಪ್ರಾಣಿಶಾಸ್ತ್ರ ಎದುರು ಕಟ್ಟಡದಲ್ಲಿದೆ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗನೂ ನಕ್ಕಂತೆ ಮಾಡಿ ಕುಳಿತುಕೊಂಡ. ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೇ ಸ್ವಲ್ಪ ಮೆಚ್ಚುಗೆಯಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಹುಡುಗ ವರ್ಷ ಮುಗಿಯುವವರೆಗೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ಅವನು ಕಾಲೇಜು ಬಿಟ್ಟಮೇಲೆ.

ಆದರೆ ಪ್ರಶ್ನೆ ಮಾತ್ರ ಬಿಟ್ಟು ಹೋಗಲಿಲ್ಲ. ಗ್ರಂಥಾಲಯದಲ್ಲಿ ಫ್ರಾನ್ಸಿನ ಕೀಟಪಂಡಿತ ಫಾಬ್ರೆಯ ಬರಹಗಳ ಇಂಗ್ಲಿಷ್ ಅನುವಾದ ಕೈಗೆ ಸಿಕ್ಕಿತು. ಪ್ರೊವೆನ್ಸ್ ಪ್ರಾಂತದ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಅವನ ಮನೆ. ಮೇ 6ರ ಬೆಳಿಗ್ಗೆ ದೊಡ್ಡ ನವಿಲುಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂತು. ಫಾಬ್ರೆ ಅದನ್ನು ತಂತಿಬಲೆಯ ಗುಮ್ಮಟದ ಕೆಳಗಿಟ್ಟು ಮರೆತುಬಿಟ್ಟ. ರಾತ್ರಿ ಒಂಬತ್ತರ ಸುಮಾರಿಗೆ ಅವನ ಚಿಕ್ಕ ಮಗ ಅರೆಬಟ್ಟೆಯಲ್ಲಿ ಕುಣಿದಾಡುತ್ತಾ, ಹಕ್ಕಿಯಷ್ಟು ದೊಡ್ಡ ಚಿಟ್ಟೆಗಳು ಮನೆ ತುಂಬ ಬಂದಿವೆಯೆಂದು ಕೂಗಿಕೊಂಡ. ಕಿಟಕಿ ತೆರೆದಿದ್ದ ಓದುವ ಕೋಣೆಗೆ ಮೋಂಬತ್ತಿ ಹಿಡಿದು ಹೋಗಿ ನೋಡಿದರೆ, ಆ ಒಂದು ಹೆಣ್ಣಿನ ಸುತ್ತ ಗಂಡುಗಳ ಹಿಂಡು. ಮನೆಯಲ್ಲೆಲ್ಲ ಸೇರಿ ಸುಮಾರು ನಲವತ್ತು. ಎಂಟು ರಾತ್ರಿಗಳಲ್ಲಿ ಒಟ್ಟು ನೂರೈವತ್ತು. ಆ ಸೀಮೆಯಲ್ಲಿ ಅಪರೂಪವಾದ ಜಾತಿ ಅದು. ಎಷ್ಟು ದೂರದಿಂದ, ಎಷ್ಟು ಕತ್ತಲೆಯನ್ನು ದಾಟಿ ಬಂದವೋ!

ಇಲ್ಲಿ ಒಂದು ಸಣ್ಣ ವಿವರ ನನ್ನನ್ನು ತಡೆದು ನಿಲ್ಲಿಸಿತು. ಬಂದ ಗಂಡುಗಳಲ್ಲಿ ಕೆಲವು ಫಾಬ್ರೆಯ ಕೈಯ ದೀಪಕ್ಕೆ ಬಂದು ಬಡಿದವು. ರೆಕ್ಕೆಯ ಏಟಿಗೆ ದೀಪವೇ ಆರಿಹೋಯಿತು. ಬೆಳಕು ಇವುಗಳ ದಾರಿ ತಪ್ಪಿಸುತ್ತದೆ, ತನ್ನ ಪ್ರಯೋಗ ಕೆಡಿಸುತ್ತದೆ ಎಂದು ಅವನಿಗೆ ಪೇಚಾಟ. ಎಂದರೆ, ದೀಪ ಪತಂಗದ ಪ್ರೇಯಸಿಯಲ್ಲ; ಮದುವೆಗೆ ಹೊರಟ ಗಂಡಿಗೆ ದಾರಿಯಲ್ಲಿ ಸಿಕ್ಕಿದ ವಿಘ್ನ!

ಫಾಬ್ರೆ ಹೆಣ್ಣನ್ನು ಬಿಗಿಯಾಗಿ ಮುಚ್ಚಿದ ಗಾಜಿನೊಳಗೆ ಇಟ್ಟು ನೋಡಿದ. ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೂ ಒಂದು ಗಂಡೂ ಹತ್ತಿರ ಬರಲಿಲ್ಲ. ಇನ್ನೊಂದು ಜಾತಿಯ ಪತಂಗದಲ್ಲಿ ಇನ್ನೂ ವಿಚಿತ್ರ: ಗಂಡುಗಳು ಗಾಜಿನೊಳಗಿನ ಹೆಣ್ಣನ್ನು ದಾಟಿಕೊಂಡು ಹೋಗಿ, ಅದು ಮೊದಲು ಕುಳಿತಿದ್ದ ಬರಿಯ ರೆಂಬೆಯನ್ನು ಮುತ್ತಿಕೊಂಡವು. ಹುಡುಗ ಹೇಳಿದ್ದೇ ಸರಿ. ರೂಪವಲ್ಲ, ಗಂಧ.

ಆ ಗಂಧ ಯಾವುದೆಂದು ತಿಳಿಯುವುದಕ್ಕೆ 1959ರವರೆಗೆ ಕಾಯಬೇಕಾಯಿತು. ಜರ್ಮನಿಯ ಬುಟೆನಾಂಟ್ ಎಂಬ ರಸಾಯನಶಾಸ್ತ್ರಜ್ಞ ಸುಮಾರು ಇಪ್ಪತ್ತು ವರ್ಷ ಹೆಣಗಿ, ಐದು ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಮಿನಷ್ಟು ವಸ್ತುವನ್ನು ಹೊರತೆಗೆದ. ಆ ಚಿಟ್ಟೆ ಬೇರೆ ಯಾವುದೂ ಅಲ್ಲ, ನಮ್ಮ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ರೇಷ್ಮೆ ಹುಳುವಿನದೇ. ಅದರ ಶಾಸ್ತ್ರೀಯ ನಾಮವಾದ ಬಾಂಬಿಕ್ಸ್ ಎಂಬುದರಿಂದ ಆ ಪರಿಮಳಕ್ಕೆ ಬಾಂಬಿಕಾಲ್ ಎಂದು ಹೆಸರಾಯಿತು. ಗಂಡಿನ ಗರಿಯಂಥ ಮೀಸೆಯ ಮೇಲೆ ಇದನ್ನು ಹಿಡಿಯುವ ಸೂಕ್ಷ್ಮ ಕೂದಲುಗಳು ಸಾವಿರಾರು. ಒಂದೇ ಒಂದು ಅಣು ತಾಗಿದರೂ ಅಲ್ಲಿನ ನರಕೋಶ ಎಚ್ಚೆತ್ತುಕೊಳ್ಳುತ್ತದೆ.

ಇಷ್ಟು ತಿಳಿದಮೇಲೆ ನಾನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದ ಗಣಿತದ ಮಿತ್ರರಿಗೆ ನನ್ನ ಪಾಂಡಿತ್ಯವನ್ನೆಲ್ಲ ಒಪ್ಪಿಸಿದೆ. "ವಾಸನೆ ಹಿಡಿದು ಹೋಗುತ್ತದೆ, ಅಷ್ಟೇ. ಹೆಚ್ಚು ವಾಸನೆ ಇರುವ ಕಡೆಗೆ ನಡೆದರೆ ಹೆಣ್ಣು ಸಿಕ್ಕಿತು."

"ಅಷ್ಟೇನಾ ಮೇಷ್ಟ್ರೇ?" ಎಂದು ಅವರು ನಕ್ಕು, ಗೋಡೆಯ ಮೇಲಿನ ಸರಸ್ವತಿಯ ಪಟದ ಮುಂದಿದ್ದ ಊದುಬತ್ತಿಯನ್ನು ತಂದು ಹಚ್ಚಿ ಮೇಜಿನ ಮೇಲಿಟ್ಟರು. "ಹೊಗೆ ನೋಡಿ."

ನೋಡಿದೆ. ಒಂದು ಗೇಣಿನವರೆಗೆ ಹೊಗೆ ನೂಲಿನಂತೆ ನೆಟ್ಟಗೆ ಏರಿತು. ಆಮೇಲೆ ಸುರುಳಿ ಸುತ್ತಿತು, ಹರಿಯಿತು, ಎಳೆ ಎಳೆಯಾಗಿ ಚದರಿತು. ಕಿಟಕಿಯಿಂದ ಗಾಳಿ ಬೀಸಿದಾಗ ಒಂದು ಎಳೆ ನನ್ನ ಮೂಗಿಗೆ ಬಂತು, ಮರುಕ್ಷಣ ಇಲ್ಲ. ನನಗಿಂತ ದೂರ ಕುಳಿತಿದ್ದ ಇತಿಹಾಸದವರಿಗೆ ಅದೇ ಹೊತ್ತಿಗೆ ಸೀನು ಬಂತು. "ಹತ್ತಿರ ಇದ್ದವರಿಗೆ ಹೆಚ್ಚು, ದೂರ ಇದ್ದವರಿಗೆ ಕಡಮೆ ಅಂತ ನೀವು ಹೇಳಿದ ಲೆಕ್ಕ ಎಲ್ಲಿ ಹೋಯಿತು?"

ಆ ಲೆಕ್ಕವೂ ಸುಳ್ಳಲ್ಲವಂತೆ, ಸರಾಸರಿಯ ಲೆಕ್ಕ. 1963ರಲ್ಲಿ ಹಾರ್ವರ್ಡಿನ ಬಾಸರ್ಟ್ ಮತ್ತು ವಿಲ್ಸನ್ ಎಂಬಿಬ್ಬರು ಅದನ್ನು ಅಚ್ಚುಕಟ್ಟಾಗಿ ಮಾಡಿದರು. ಹೆಣ್ಣು ಕ್ಷಣಕ್ಕೆ ಎಷ್ಟು ಗಂಧ ಬಿಡುತ್ತದೆ, ಗಾಳಿ ಎಷ್ಟು ವೇಗ, ಗಂಡಿಗೆ ತಿಳಿಯಲು ಕನಿಷ್ಠ ಎಷ್ಟು ಬೇಕು, ಇಷ್ಟನ್ನು ಇಟ್ಟುಕೊಂಡು, ಗಂಧ ಮುಟ್ಟುವ ಪ್ರದೇಶವನ್ನು ಗಾಳಿಯ ದಿಕ್ಕಿಗೆ ಚಾಚಿದ ಒಂದು ಉದ್ದನೆಯ ಅಂಡಾಕಾರವಾಗಿ ಬರೆದರು. ಜಿಪ್ಸಿ ಪತಂಗಕ್ಕೆ ಅದರ ಉದ್ದ ನಾಲ್ಕು ಕಿಲೋಮೀಟರಿಗೂ ಮೇಲೆ, ಅಗಲ ಇನ್ನೂರು ಮೀಟರಿನಷ್ಟು. ಸುಂದರವಾದ ಚಿತ್ರ. ಆದರೆ ನಮ್ಮ ತರಗತಿಯ ಸರಾಸರಿ ಅಂಕ 40 ಎಂದಾಗ ನಲವತ್ತು ತೆಗೆದ ಹುಡುಗ ಒಬ್ಬನೂ ಇಲ್ಲದಿರಬಹುದಲ್ಲ, ಹಾಗೆ, ಆ ನುಣುಪಾದ ಅಂಡಾಕಾರ ಯಾವ ಕ್ಷಣದಲ್ಲಿಯೂ ಗಾಳಿಯಲ್ಲಿ ಇರುವುದಿಲ್ಲ. ಇರುವುದು ಹರಿದ ಎಳೆಗಳು, ನಡುವೆ ಬರಿಯ ಗಾಳಿ. ಸರಾಸರಿ ಕಟ್ಟಿಕೊಂಡು ಕೂರುವಷ್ಟು ಹೊತ್ತು ಪತಂಗಕ್ಕೆಲ್ಲಿದೆ?

"ಹಾಗಾದರೆ ಗಾಳಿಗೆ ಎದುರಾಗಿ ಹಾರಿದರಾಯಿತು" ಎಂದೆ, ಸೋಲೊಪ್ಪದೆ.

"ಹರಿಗೋಲಿನಲ್ಲಿ ಕುಳಿತಿದ್ದೀರಾ? ಕಣ್ಣು ಮುಚ್ಚಿಕೊಂಡರೆ ಹೊಳೆ ಯಾವ ಕಡೆಗೆ ಹರಿಯುತ್ತಿದೆ ಹೇಳುತ್ತೀರಾ?"

ಹೇಳಲಾರೆ. ದಡ ನೋಡಬೇಕು. ಗಾಳಿಯಲ್ಲಿ ತೇಲುವ ಪ್ರಾಣಿಗೂ ಗಾಳಿ ತಿಳಿಯುವುದಿಲ್ಲ, ನೆಲ ನೋಡಬೇಕು. 1974ರಲ್ಲಿ ಇಂಗ್ಲೆಂಡಿನ ಕೆನಡಿ ಮತ್ತು ಮಾರ್ಷ್ ಇದನ್ನು ಗಾಳಿ ಬೀಸುವ ಸುರಂಗದಲ್ಲಿ ತೋರಿಸಿದರು. ಪತಂಗದ ಕೆಳಗೆ ಪಟ್ಟೆಪಟ್ಟೆಯ ನೆಲವನ್ನೇ ಹಿಂದಕ್ಕೂ ಮುಂದಕ್ಕೂ ಸರಿಸಿದರು. ನೆಲ ಸರಿದಂತೆ ಪತಂಗ ತನ್ನ ಹಾರಾಟದ ವೇಗವನ್ನು ತಿದ್ದಿಕೊಂಡಿತು. ಮೂಗು 'ಹೊರಡು' ಎನ್ನುತ್ತದೆ, ಕಣ್ಣು 'ಈ ಕಡೆಗೆ' ಎನ್ನುತ್ತದೆ. ಅಂತೂ ರೂಪಕ್ಕೂ ಸ್ವಲ್ಪ ಕೆಲಸ ಉಂಟಾಯಿತಲ್ಲ ಎಂದು ನನಗೆ ಸಮಾಧಾನ. ಅವರು ಬಳಸಿದ ಪತಂಗದ ಹೆಸರಿನಲ್ಲಿ 'ಇಂಡಿಯನ್' ಎಂದಿತ್ತು. ನಮ್ಮದೆಂದು ಹೆಮ್ಮೆಪಡಲು ಹೊರಟೆ. ಅದು ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಇದ್ದ ಹೆಸರಿನಿಂದ ಬಂದದ್ದಂತೆ. ಆ ಹೆಮ್ಮೆಯೂ ಹೋಯಿತು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಸುರಂಗದ ತುಂಬ ಗಂಧವನ್ನು ಒಂದೇ ಸಮನಾಗಿ ತುಂಬಿಬಿಟ್ಟರೆ ಏನಾಗುತ್ತದೆ? ಪತಂಗ ಓಡೋಡಿ ಹೋಗಬೇಕು ಎಂದು ನಾನೆಂದುಕೊಂಡೆ. ಹಾಗಾಗುವುದಿಲ್ಲ, ಅದು ಮುಂದುವರಿಯುವುದನ್ನು ನಿಲ್ಲಿಸಿಬಿಡುತ್ತದೆ. ಕೆನಡಿಯವರ ತಂಡ 1980ರಲ್ಲಿ ಕಂಡುಕೊಂಡದ್ದು ಇದು. ಪತಂಗಕ್ಕೆ ಬೇಕಾದದ್ದು ಗಂಧವಲ್ಲ, ಗಂಧ ಬರುವುದು ಮತ್ತು ಹೋಗುವುದು. 1994ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಖಚಿತಪಡಿಸಿದವು: ಒಂದು ಎಳೆ ತಾಗಿದರೆ ಪತಂಗ ಗಾಳಿಗೆದುರಾಗಿ ಒಮ್ಮೆ ನುಗ್ಗುತ್ತದೆ, ಎಳೆ ತಪ್ಪಿದರೆ ನುಗ್ಗುವುದನ್ನು ಬಿಟ್ಟು ಅಡ್ಡಡ್ಡ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಹಾರಾಡುತ್ತಾ ಅರಸುತ್ತದೆ, ಮತ್ತೆ ಸಿಕ್ಕಿದರೆ ಮತ್ತೆ ನುಗ್ಗುತ್ತದೆ. ಹತ್ತಿಯ ಹೊಲದಲ್ಲಿ ಗುಲಾಬಿ ಕಾಯಿಕೊರಕಕ್ಕೆ ನಮ್ಮ ರೈತರು ಕಟ್ಟುವ ಮೋಹಕ ಬಲೆಯಲ್ಲಿರುವುದು ಹೆಣ್ಣಿನ ಗಂಧದ ಇಂಥ ನಕಲಿ ಎಳೆಯೇ. ಬಲೆಯಿಲ್ಲದೆ ಹೊಲವನ್ನೆಲ್ಲ ಗಂಧದಿಂದ ತುಂಬಿ ಗಂಡುಗಳನ್ನು ಕಕ್ಕಾಬಿಕ್ಕಿ ಮಾಡುವ ಉಪಾಯವೂ ಉಂಟು.

ಇದೆಲ್ಲ ಪತಂಗ ಏನು ಮಾಡುತ್ತದೆ ಎಂಬ ಮಾತಾಯಿತು. ಹಾಗೆ ಮಾಡುವುದು ಬುದ್ಧಿವಂತಿಕೆಯೇ, ಬೆಪ್ಪುತನವೇ? ಇದಕ್ಕೆ ಲೆಕ್ಕ ಹಾಕಿದವರು ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ವೆರ್ಗಸೋಲ, ಮಾರ್ಸೇಲ್ಸಿನ ವಿಲೆರ್ಮೋ ಮತ್ತು ಅಮೆರಿಕದ ಶ್ರೈಮನ್. 2007ರಲ್ಲಿ ಪ್ರಕಟವಾದ ಆ ಲೇಖನವನ್ನು ನಮ್ಮ ಗಣಿತದವರು ನನಗಾಗಿ ಸಮೀಕರಣಗಳನ್ನು ಕಳೆದು ಹೇಳಿದರು.

"ನಾನು 1ರಿಂದ 64ರೊಳಗೆ ಒಂದು ಸಂಖ್ಯೆ ನೆನೆಸಿಕೊಂಡಿದ್ದೇನೆ. ಕಂಡುಹಿಡಿಯಿರಿ. ಹೌದು, ಅಲ್ಲ ಎಂದಷ್ಟೇ ಹೇಳುತ್ತೇನೆ."

"ಮೂವತ್ತೇಳೇ?" ಎಂದೆ.

"ಅಲ್ಲ. ನೋಡಿ, ಇನ್ನೂ ಅರವತ್ತಮೂರು ಉಳಿಯಿತು. 'ಮೂವತ್ತೆರಡಕ್ಕಿಂತ ದೊಡ್ಡದೇ?' ಎಂದು ಕೇಳಿದ್ದರೆ ಯಾವ ಉತ್ತರ ಬಂದರೂ ಅರ್ಧ ಕರಗುತ್ತಿತ್ತು. ಆರು ಪ್ರಶ್ನೆಗೆ ಮುಗಿಯುತ್ತಿತ್ತು. ನೀವು ಸಂಖ್ಯೆಯನ್ನು ಹಿಡಿಯಲು ಹೋದಿರಿ. ಸುದ್ದಿಯನ್ನು ಹಿಡಿಯಬೇಕು."

ಸುದ್ದಿಗೂ ಅಳತೆ ಉಂಟು. 1948ರಲ್ಲಿ ಕ್ಲಾಡ್ ಶಾನನ್ ಅದನ್ನು ಕೊಟ್ಟ. ಈ ಮೂವರು ಆ ಅಳತೆಗೋಲನ್ನು ಪತಂಗದ ಕೈಗೆ ಕೊಟ್ಟರು. ಊಹೆಯ ಪತಂಗದ ತಲೆಯಲ್ಲಿ ಒಂದು ನಕ್ಷೆ. ನಕ್ಷೆಯ ಚೌಕ ಚೌಕಕ್ಕೂ ಹೆಣ್ಣು ಅಲ್ಲಿರುವ ಸಂಭವ ಎಷ್ಟೆಂಬ ಅಂಕ. ಒಂದು ಎಳೆ ತಾಗಿದರೆ ಗಾಳಿ ಬರುವ ಕಡೆಯ ಚೌಕಗಳ ಅಂಕ ಏರುತ್ತದೆ. ತಾಗದಿದ್ದರೂ ಅಂಕಗಳು ಬದಲಾಗುತ್ತವೆ, ಏಕೆಂದರೆ ಏನೂ ಬಾರದಿರುವುದೂ ಒಂದು ಸುದ್ದಿಯೇ. ಪ್ರತಿ ಹೆಜ್ಜೆಯಲ್ಲಿಯೂ ಅದು ಯಾವ ಕಡೆ ಸರಿದರೆ ತನ್ನ ಅಜ್ಞಾನ ಎಲ್ಲಕ್ಕಿಂತ ಹೆಚ್ಚು ಕಡಮೆಯಾದೀತೋ ಆ ಕಡೆಗೆ ಸರಿಯುತ್ತದೆ. ನಿಯಮ ಇಷ್ಟೇ. ಅಡ್ಡಡ್ಡ ಹಾರು ಎಂದು ಯಾರೂ ಹೇಳಿಕೊಡಲಿಲ್ಲ. ಆದರೂ ಗಣಕಯಂತ್ರದಲ್ಲಿ ಅದು ಎಳೆದ ದಾರಿ ನುಗ್ಗಾಟ, ಅಡ್ಡಾಟ, ಅಂಕುಡೊಂಕು ಎಲ್ಲವನ್ನೂ ಕೂಡಿಕೊಂಡು ನಿಜವಾದ ಪತಂಗದ ದಾರಿಯನ್ನೇ ಹೋಲಿತು. ನೋಡುವವರಿಗೆ ಅಲೆದಾಟದಂತೆ ಕಂಡದ್ದು ವಿಚಾರಣೆಯಾಗಿತ್ತು.

2014ರಲ್ಲಿ ಇವರಲ್ಲಿ ಇಬ್ಬರು ಇನ್ನೊಬ್ಬರೊಡನೆ ಸೇರಿ ಎಳೆಗಳ ನಡುವಣ ಬಿಡುವುಗಳನ್ನೂ ಲೆಕ್ಕ ಹಾಕಿದರು. ಬಿಡುವುಗಳಲ್ಲಿ ಬಹುಪಾಲು ಕ್ಷಣಮಾತ್ರದವು. ಆದರೆ ಆಗೊಮ್ಮೆ ಈಗೊಮ್ಮೆ ಬಹಳ ದೀರ್ಘವಾದದ್ದೊಂದು ಬಂದೇ ಬರುತ್ತದೆ. ದೀರ್ಘ ಬಿಡುವು ಬಂದಿತೆಂದು ಹೆಣ್ಣು ಇಲ್ಲವೆಂದು ತೀರ್ಮಾನಿಸಿ ಮನೆಗೆ ಹಿಂತಿರುಗಿದ ಪತಂಗದ ವಂಶ ಉಳಿಯಲಿಕ್ಕಿಲ್ಲ.

"ಇಷ್ಟೆಲ್ಲ ಲೆಕ್ಕವನ್ನು ಸಾಸಿವೆಗಿಂತ ಸಣ್ಣ ಮಿದುಳು ಮಾಡುತ್ತದೆಯೇ?" ಎಂದು ಕೇಳಿದೆ.

"ಮಾಡುತ್ತದೆ ಎಂದು ಅವರು ಹೇಳಿಲ್ಲ. ತಾಗಿದರೆ ನುಗ್ಗು, ತಪ್ಪಿದರೆ ಅಡ್ಡ ಹೋಗು ಎಂಬ ಎರಡು ಕಟ್ಟಳೆಯಲ್ಲೇ ಅದರ ಸಂಸಾರ ಸಾಗಬಹುದು. ಪತಂಗ ಹಾಗೆ ಲೆಕ್ಕ ಹಾಕುತ್ತದೆ ಎಂಬುದಲ್ಲ, ಲೆಕ್ಕ ಹಾಕಿದಂತೆ ಹಾರುತ್ತದೆ ಎಂಬುದು. ಗಣಿತದ ಮಾದರಿ ಎಂದರೆ 'ಅಂತೆ'."

ಈ 'ಅಂತೆ' ನನ್ನ ಸ್ವಂತ ಹೊಲ. ಮುಖ ಕಮಲದಂತೆ ಎಂದರೆ ಉಪಮೆ. ಮುಖವೇ ಕಮಲ ಎಂದರೆ ರೂಪಕ. ಉಪಮೆಯಲ್ಲಿ ಹೋಲಿಕೆಯ ಜೊತೆಗೆ ವ್ಯತ್ಯಾಸವನ್ನೂ ಒಪ್ಪಿಕೊಂಡಿರುತ್ತೇವೆ. ಗಣಿತದವರು ತಮ್ಮ ಉಪಮೆಯನ್ನು ಪ್ರತಿ ವರ್ಷ ಪತಂಗದ ಮುಂದೆ ಹಿಡಿದು, ಸರಿಯೇ ಎಂದು ಕೇಳುತ್ತಾರೆ. ಬಾಸರ್ಟ್ ಮತ್ತು ವಿಲ್ಸನ್ನರ ಅಂಡಾಕಾರ ಒಡೆದರೆ ಇನ್ನೊಂದನ್ನು ತರುತ್ತಾರೆ. ನಾನು ಮಾತ್ರ ಪಟ್ಟಿಯ ಉಪಮೆಯನ್ನು ಇಪ್ಪತ್ತು ವರ್ಷ ಯಾವ ಪತಂಗಕ್ಕೂ ತೋರಿಸದೆ ಹಲಗೆಯ ಮೇಲೆ ಬರೆದೆ. ತೋರಿಸಲು ಬಂದ ಒಬ್ಬ ಹುಡುಗನನ್ನು ಕೂರಿಸಿದೆ. 2024ರಲ್ಲಿ ಲಂಡನ್ನಿನ ಫೇಬಿಯನ್ ಮತ್ತು ಸಂಗಡಿಗರು ದೀಪದ ಪ್ರಶ್ನೆಗೂ ಒಂದು ಉತ್ತರ ಕೊಟ್ಟಿದ್ದಾರೆ. ಹಾರುವ ಹುಳು ಬೆಳಕಿಗೆ ಬೆನ್ನು ಮಾಡಿ ಹಾರುತ್ತದೆ. ರಾತ್ರಿ ಆಕಾಶವೇ ನೆಲಕ್ಕಿಂತ ಬೆಳಕಾದ್ದರಿಂದ ಮೇಲೆ ಯಾವುದು, ಕೆಳಗೆ ಯಾವುದು ಎಂಬುದು ಅದಕ್ಕೆ ಹಾಗೆ ತಿಳಿಯುತ್ತದೆ. ಹತ್ತಿರದ ದೀಪಕ್ಕೂ ಹಾಗೆಯೇ ಬೆನ್ನು ತಿರುಗಿಸಲು ಹೋಗಿ ಸುತ್ತುತ್ತಾ ಸಿಕ್ಕಿಬೀಳುತ್ತದೆ. ಮೋಹವೂ ಇಲ್ಲ, ಚಾಪಲ್ಯವೂ ಇಲ್ಲ. ದೀಪವನ್ನು ಆಕಾಶವೆಂದು ನಂಬಿದ ತಪ್ಪು ಅಷ್ಟೇ.

ಕಳೆದ ತಿಂಗಳು ಆ ಹುಡುಗನ ವಿಳಾಸ ಹುಡುಕಿಸಿ ಹೋದೆ. ಊರಿನಲ್ಲಿ ಈಗ ಹುಳು ಮನೆಯನ್ನು ಅವನೇ ನೋಡಿಕೊಳ್ಳುತ್ತಾನೆ. "ಮೇಷ್ಟ್ರು ಬಂದಿದ್ದಾರೆ" ಎಂದು ಮನೆಯವರಿಗೆಲ್ಲ ಸಂಭ್ರಮ. ನಾನು ಬಂದ ಕೆಲಸ ಹೇಳಿದಾಗ, ಮರುದಿನ ಬೆಳಿಗ್ಗೆಯೇ ಅವನ ಮಾವನ ಬಿತ್ತನೆ ಕೋಠಿಗೆ ಕರೆದುಕೊಂಡು ಹೋದ.

ಗೂಡಿನಿಂದ ಆಗತಾನೆ ಹೊರಬಂದ ಬಿಳಿಯ ಚಿಟ್ಟೆಗಳು ತಟ್ಟೆ ತುಂಬ. ಸಾವಿರಾರು ವರ್ಷ ಮನುಷ್ಯನ ಮನೆಯಲ್ಲಿದ್ದು ಹಾರುವುದನ್ನೇ ಮರೆತಿವೆ, ಪಾಪ. ಅಲ್ಲಿ ಜೋಡಿ ಕಟ್ಟುವುದು, ಕೆಲವು ಗಂಟೆಗಳ ಮೇಲೆ ಬಿಡಿಸುವುದು, ಹೆಣ್ಣು ಮೊಟ್ಟೆಯಿಟ್ಟಮೇಲೆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ರೋಗ ನೋಡುವುದು. ಈ ಪರೀಕ್ಷೆ ಪಾಸ್ಚರನ ಕಾಣಿಕೆ. 1865ರಲ್ಲಿ ರೇಷ್ಮೆ ಹುಳುವಿನ ರೋಗದ ವಿಚಾರಣೆಗೆ ಹೊರಟ ಪಾಸ್ಚರ್, ಆಗ ಅವಿನ್ಯೋನಿನಲ್ಲಿ ಮೇಷ್ಟ್ರಾಗಿದ್ದ ಇದೇ ಫಾಬ್ರೆಯ ಮನೆಗೆ ಹೋಗಿದ್ದ. ಗೂಡನ್ನು ಕಂಡದ್ದೇ ಅವನಿಗೆ ಅದು ಮೊದಲು. ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೇನಾದರೂ ಇದೆಯೇ ಎಂದು ಕೇಳಿದನಂತೆ. ಕೇಳುವುದಕ್ಕೆ ಅಷ್ಟು ದೊಡ್ಡವನಿಗೆ ನಾಚಿಕೆಯಾಗಲಿಲ್ಲ.

ಮಾವ ಒಂದು ಹೆಣ್ಣನ್ನು ಕಾಗದದ ಒಂದು ತುದಿಯಲ್ಲಿಟ್ಟು, ಮೊಳದಷ್ಟು ದೂರದಲ್ಲಿ ಒಂದು ಗಂಡನ್ನು ಬಿಟ್ಟರು. ಬಾಗಿಲಿನಿಂದ ಸಣ್ಣಗೆ ಗಾಳಿ ಬರುತ್ತಿತ್ತು. ಗಂಡು ರೆಕ್ಕೆ ಪಟಪಟಿಸಿತು. ನಾಲ್ಕು ಹೆಜ್ಜೆ ನೆಟ್ಟಗೆ ಬಂತು. ನಿಂತಿತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ತನ್ನ ಸುತ್ತಲೇ ಒಂದು ಸುತ್ತು ಹಾಕಿತು. ಮತ್ತೆ ನಾಲ್ಕು ಹೆಜ್ಜೆ ನೆಟ್ಟಗೆ. ರೆಕ್ಕೆಯ ಬಲ ಹೋದರೂ ಲೆಕ್ಕ ಮರೆತಿಲ್ಲ.

"ನೀನು ಅವತ್ತು ಒಂದು ಪ್ರಶ್ನೆ ಕೇಳಿದ್ದೆ" ಎಂದೆ, ಚಿಟ್ಟೆಯನ್ನೇ ನೋಡುತ್ತಾ. "ನೀನು ಹೇಳಿದ್ದೇ ಸರಿ. ನಾನು ಹಾಗೆ ಹೇಳಬಾರದಾಗಿತ್ತು."

"ನೆನಪಿದೆ ಸಾರ್" ಎಂದ. "ಪ್ರಾಣಿಶಾಸ್ತ್ರ ಎದುರು ಕಟ್ಟಡ ಅಂದ್ರಿ." ನಗುತ್ತಲೇ ಹೇಳಿದ. ಆದರೆ ಮಾತು ಮಾತಿಗೂ ನೆನಪಿಟ್ಟುಕೊಂಡಿದ್ದ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತೆವು. ಗಂಡು ಹೆಣ್ಣಿನ ಪಕ್ಕಕ್ಕೆ ಬಂದು ಮುಟ್ಟಿತು.

"ಹಂಗಾದ್ರೆ ಸಾರ್" ಎಂದ ಅವನು, "ಆ ಪಟ್ಟಿ ತಪ್ಪಾ?"

ಕಾವ್ಯ ಹೇಳುವುದು ಮನುಷ್ಯನ ವಿಷಯ, ಪತಂಗದ ವಿಷಯವಲ್ಲ ಎಂಬ ಉತ್ತರ ಸಿದ್ಧವಾಗಿ ಬಾಯಿಗೆ ಬಂತು. ಇಪ್ಪತ್ತು ವರ್ಷದ ಅಭ್ಯಾಸ. ಅದನ್ನು ನುಂಗಿಕೊಂಡೆ.

"ಬಾ, ಕೂತು ಮಾತಾಡೋಣ" ಎಂದೆ. ಮಾವ ಎರಡು ಸ್ಟೂಲು ತಂದು ಹಾಕಿದರು.